ಮಗಳ ಜೊತೆ ಮೊಂತಿ ಫೆಸ್ತ್: ಊರಿನ ಚರ್ಚಿನಲ್ಲಿ ಐದು ದಿನ

ಮಕ್ಕಳನ್ನು ಕರಾವಳಿಯ ಕೊಂಕಣಿ ಕ್ರೈಸ್ತರ ಹಬ್ಬವಾದ ಮೊಂತಿ ಫೆಸ್ತ್‌ಗೆ ಊರಿಗೇ ಕರೆದುಕೊಂಡು ಹೋಗಬೇಕಾ, ಬೆಂಗಳೂರಲ್ಲೇ ಚರ್ಚಿನ ಕೊಂಕಣಿ ಪೂಜೆಗೆ ಹೋದರೆ ಸಾಕಾ ಅಂತ ಇಬ್ಬರು ಗೆಳತಿಯರು ಕೇಳಿದ್ದರು. ಅವರಿಗೂ, ಅವರ ಹಾಗೇ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರಿಗೂ ಇದನ್ನು ಬರೆಯುತ್ತಿದ್ದೇನೆ. ರಜೆ ಹಾಕಿ ಹೋಗಿ. ಆದರೆ ಹಬ್ಬದ ಸೆಪ್ಟೆಂಬರ್ 8 ಒಂದೇ ದಿನಕ್ಕೆ ಹೋಗಬೇಡಿ, ಅದಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯಾದ ನೊವೆನಾದ ಮೂರ್ನಾಲ್ಕು ದಿನವಾದರೂ ಸಿಗಲಿ.

ನಮ್ಮದು ಉಡುಪಿ ಕಡೆಯ ಹಳ್ಳಿ. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ, ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದೇ ದಿನ ತೆನೆ ಹಬ್ಬವೂ ಹೌದು. ಅದಕ್ಕೆ ಮೊದಲು, ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ. ದಿನಾಲೂ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ನಾನೂ ಏಳು ವರ್ಷದ ಮಗಳೂ 4ನೇ ತಾರೀಕು ಬೆಳಿಗ್ಗೆ ತಲುಪಿದೆವು. ಗಂಡ ಕುವೈತಿನಲ್ಲಿ, ಬರಲಾಗಲಿಲ್ಲ.

ಈ ಹಬ್ಬದ ಅರ್ಧ ಚರ್ಚಿನ ಹೊರಗೇ ನಡೆಯುತ್ತದೆ ಅಂತ ನನಗೆ ಈ ಸಲ ಅರ್ಥವಾಯಿತು. ನೊವೆನಾ ಸಂಜೆ ನಾಲ್ಕೂವರೆಗೆ. ಮೂರು ಗಂಟೆಗೇ ನಾನು, ಮಗಳು, ಅಪ್ಪ ಮೂವರೂ ಹೂವಿಗೆ ಹೊರಟೆವು. ನಮ್ಮ ಅಂಗಳದಲ್ಲಿ ಕರ್ಣಕುಂಡಲ, ತೋಟದ ಬದಿಯಲ್ಲಿ ರಥಪುಷ್ಪ. ಬೇಲಿಯಾಚೆಯ ಶೆಡ್ತಿ ಅಕ್ಕ ಮಗಳನ್ನು ನೋಡಿದವರೇ "ಪೂ ಬೋಡಾ ಬಾಲೆ?" (ಹೂ ಬೇಕಾ ಮಗು?) ಅಂತ ತುಳುವಿನಲ್ಲಿ ಕರೆದು ದಾಸವಾಳದ ಗಿಡವನ್ನೇ ಬಗ್ಗಿಸಿ ಕೊಟ್ಟರು. ಕೀಳುತ್ತಾ ಕೀಳುತ್ತಾ ಅಪ್ಪ ಮಂಗಳೂರು ಹತ್ತಿರದ ಫರಂಗಿಪೇಟೆಯ ಕಥೆ ತೆಗೆದರು: 1763ರಲ್ಲಿ ಅಲ್ಲಿನ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದ ಈ ಹಬ್ಬ ಶುರುಮಾಡಿದ್ದು, ಆ 'ಮೊಂತೆ'ಯಿಂದಲೇ ಮೊಂತಿ ಫೆಸ್ತ್ ಅನ್ನುವ ಹೆಸರು ಬಂದದ್ದು ಅಂತ ಹಿರಿಯರು ಹೇಳಿಕೊಂಡು ಬಂದ ಮಾತು. ನಾನು ಚಿಕ್ಕವಳಿದ್ದಾಗಲೂ ಅಪ್ಪ ಇದನ್ನು ಹೂ ಕೀಳುವಾಗಲೇ ಹೇಳಿದ್ದು.

ಮಗಳಿಗೆ ಕೊಂಕಣಿ ಅಷ್ಟಾಗಿ ಬರುವುದಿಲ್ಲ. ಬೆಂಗಳೂರಲ್ಲಿ ಪೂಜೆಗೆ ಹೋದರೆ ಹತ್ತು ನಿಮಿಷಕ್ಕೆ ನನ್ನ ತೊಡೆ ಮೇಲೆ ಮಲಗುತ್ತಾಳೆ. ಇಲ್ಲಿ ಹಾಗಾಗಲಿಲ್ಲ. ಮಕ್ಕಳನ್ನು ಎರಡು ಸಾಲು ಮಾಡಿ ಮೂರ್ತಿಯ ಎದುರು ನಿಲ್ಲಿಸಿ, ಪ್ರತಿ ಮಗುವಿನ ಹಿಂದೆ ಅಪ್ಪನೋ ಅಮ್ಮನೋ ನಿಲ್ಲಬೇಕು ಅಂತ ನಮ್ಮ ಚರ್ಚಿನಲ್ಲಿ ಈ ವರ್ಷ ಹೊಸ ವ್ಯವಸ್ಥೆ ಮಾಡಿದ್ದರು. ಯಾರು ಯೋಚಿಸಿದರೋ, ಅವರಿಗೆ ದೇವರು ಒಳ್ಳೆಯದು ಮಾಡಲಿ. ಮೊದಲ ದಿನ ಅವಳು ಬುಟ್ಟಿ ಖಾಲಿಯಾದೀತು ಅನ್ನುವ ಹೆದರಿಕೆಯಲ್ಲಿ ಒಂದೊಂದೇ ಎಸಳು ಹಾಕಿದಳು. ಹಾಡು ಮುಗಿದರೂ ಅರ್ಧ ಬುಟ್ಟಿ ಹಾಗೇ ಇತ್ತು. ತಿರುಗಿ ನನ್ನ ಮುಖ ನೋಡಿದಳು. ನಾನು ಅವಳ ಕೈಯೊಳಗೆ ಕೈ ಹಾಕಿ, ಇಬ್ಬರೂ ಬೊಗಸೆ ತುಂಬಾ ಎತ್ತಿ ಎರಚಿದೆವು. ಮೂರನೇ ದಿನಕ್ಕೆ ಪಕ್ಕದ ಚಿಕ್ಕ ಹುಡುಗನಿಗೆ ಯಾವಾಗ ಎರಚಬೇಕು ಅಂತ ಅವಳೇ ಹೇಳಿಕೊಡುತ್ತಿದ್ದಳು. ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆದಮೇಲೆ ಅಜ್ಜ ಅಜ್ಜಿಯ ಹತ್ತಿರ ತಾನೇ ಹೋಗಿ ಬೆಸಾಂವ್ (ಆಶೀರ್ವಾದ) ಕೇಳಿದಳು. ಮನೆಯಲ್ಲಿ ನಾನು ಎಷ್ಟು ಸಲ ಹೇಳಿದರೂ ಆಗಿರಲಿಲ್ಲ.

ನನಗೆ ಬೇಸರವಾದದ್ದು ಭಾನುವಾರದ ಕುಟುಂಬ ದಿನ. ಮಧ್ಯಾಹ್ನ ದೊಡ್ಡವರನ್ನು ಸಭಾಂಗಣದಲ್ಲಿ ಕೂರಿಸಿ ಮಕ್ಕಳ ಮೊಬೈಲ್ ಚಟದ ಬಗ್ಗೆ ಒಂದೂಕಾಲು ಗಂಟೆ ಭಾಷಣ, ಮಕ್ಕಳಿಗೆ ಬೇರೆ ಕೋಣೆಯಲ್ಲಿ ಬಣ್ಣ ತುಂಬುವ ಸ್ಪರ್ಧೆ. ಐದೂ ದಿನದಲ್ಲಿ ಚರ್ಚಿನೊಳಗೆ ನಾನೂ ಮಗಳೂ ದೂರ ಇದ್ದದ್ದು ಆ ಹೊತ್ತು ಮಾತ್ರ. ಬಹುಮಾನ ಸಿಗದೆ ಅವಳು ಅಳುತ್ತಾ ಬಂದಳು. ಭಾಷಣ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದೂಕಾಲು ಗಂಟೆ ಮರುದಿನದ ಹೂವಿಗೆ ಎಲ್ಲರೂ ಒಟ್ಟಿಗೆ ತೆಂಗಿನ ಗರಿಯ ಬುಟ್ಟಿ ಹೆಣೆದಿದ್ದರೆ ಸಾಕಿತ್ತು. ಹೆಣೆಯಲು ಬರುವ ಅಜ್ಜಿಯಂದಿರು ನಮ್ಮ ವಾರ್ಡಿನಲ್ಲೇ ಇದ್ದಾರೆ. ಇದನ್ನು ಫಾದರ್ ಹತ್ತಿರವೂ ಹೇಳಿದ್ದೇನೆ.

ಹಬ್ಬದ ದಿನ ಭತ್ತದ ತೆನೆಯನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತಂದು, ಪೂಜೆಯಾದ ಮೇಲೆ ಮನೆಮನೆಗೆ ಹಂಚಿದರು. ಮಕ್ಕಳಿಗೆಲ್ಲ ಕಬ್ಬು. ಭಾರತದ ಕಥೋಲಿಕ ಚರ್ಚುಗಳಲ್ಲಿ ಇದೇ ದಿನ ಹೆಣ್ಣುಮಕ್ಕಳ ದಿನವೂ ಆದ್ದರಿಂದ ಫಾದರ್ ಪ್ರವಚನದಲ್ಲಿ ಆ ಮಾತೂ ಬಂತು; ಕಬ್ಬಿನ ಮೇಲೇ ಕಣ್ಣಿದ್ದ ಮಗಳು ಕೇಳಿಸಿಕೊಂಡಳೋ ಇಲ್ಲವೋ.

ಮನೆಯಲ್ಲಿ ಅಲ್ತಾರಿನ (ದೇವರ ಪೀಠದ) ಮುಂದೆ ಮೇಣದ ಬತ್ತಿ ಹಚ್ಚಿ, ತೆನೆಯಿಂದ ಕಾಳು ಬಿಡಿಸಿ ಸಿಪ್ಪೆ ತೆಗೆಯುವ ಕೆಲಸ ಅವಳದ್ದು. ಉಗುರಿಗೆ ಸಿಗದ ಹಸಿ ಕಾಳು ಜಾರಿ ಜಾರಿ ಹೋಗುತ್ತಿತ್ತು, ಅಮ್ಮ ಹಲ್ಲಿನಿಂದ ಕಚ್ಚಬೇಡ ಅಂತ ಗದರುತ್ತಿದ್ದರು. ಜಜ್ಜಿ ತೆಂಗಿನ ಹಾಲಿಗೆ ಹಾಕಿ ಅಪ್ಪ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಆಮೇಲೆ ಬಾಳೆಲೆ ಊಟ, ಮೀನು ಮಾಂಸ ಇಲ್ಲ: ಅಲಸಂದೆ, ಬೆಂಡೆ, ಹೀರೆ, ಹರಿವೆ ದಂಟು, ಅಂಬಟೆ, ಹಾಗಲ, ವೊರ್ನ್ (ಪಾಯಸ) ಸೇರಿ ಏಳು. ಸಂಖ್ಯೆ ಬೆಸ ಇರಬೇಕು ಅಂತ ಅಮ್ಮನ ಲೆಕ್ಕ. ಮಗಳು ಪಪ್ಪನ ಪಾಲು ಅಂತ ನಾಲ್ಕು ಕಾಳು ಕಾಗದದಲ್ಲಿ ಮಡಚಿಟ್ಟಳು. ಕುವೈತಿಗೆ ಹೊರಟಿದ್ದ ನೆಂಟರ ಕೈಯಲ್ಲಿ ಕಳಿಸಿದೆವು.

ಹೋಗುವವರಿಗೆ: ಮಳೆ ಗ್ಯಾರಂಟಿ, ಮಕ್ಕಳಿಗೆ ಕೊಡೆಗಿಂತ ರೇನ್‌ಕೋಟ್ ವಾಸಿ, ಎರಡೂ ಕೈ ಬುಟ್ಟಿಗೆ ಬೇಕು. ದುಡ್ಡು ಯಾರೂ ಕೇಳುವುದಿಲ್ಲ, ಕಬ್ಬಿಗೋ ಸಿಹಿಗೋ ಕೈಲಾದಷ್ಟು ಕೊಡಬಹುದು. ಕಬ್ಬಿನ ಕ್ಯೂನಲ್ಲಿ ನೂಕಾಟ ಇರುತ್ತದೆ, ಚಿಕ್ಕವರ ಕೈ ಬಿಡಬೇಡಿ. ಹೂವನ್ನು ಮಾತ್ರ ಪೇಟೆಯಿಂದ ಕೊಂಡು ತರಬೇಡಿ.