ಟೆರೇಸ್ ಛತ್ರಿ ಕೆಟ್ಟಿದ್ದರೆ ಮೊದಲು ರಿಟರ್ನ್ ಹಾಕಿ, ರಿಪೇರಿ ಮಾತು ಆಮೇಲೆ

ಟೆರೇಸಿಗೋ ಅಂಗಳಕ್ಕೋ ದೊಡ್ಡ ಗಾರ್ಡನ್ ಛತ್ರಿಯನ್ನು ಆನ್‌ಲೈನಲ್ಲಿ ತರಿಸುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಅಂತ ನಾವು ಒಂದು ತರಿಸಿದ್ದೆವು. ಕಂಬ ಪಕ್ಕದಲ್ಲಿದ್ದು, ಹ್ಯಾಂಡಲ್ ತಿರುಗಿಸಿದರೆ ಬಿಚ್ಚಿಕೊಳ್ಳುವ ಥರದ್ದು.

ಜೋಡಿಸಿದ ದಿನವೇ ತೊಂದರೆ ಕಾಣಿಸಿತು. ಹ್ಯಾಂಡಲ್ ತಿರುಗಿಸಿದರೆ ಛತ್ರಿ ಅರ್ಧ ಏರುತ್ತಿತ್ತು, ಆಮೇಲೆ ಒಳಗಿನ ಹಗ್ಗ ಜಾರಿ ದಡಕ್ಕನೆ ಕೆಳಗೆ ಬೀಳುತ್ತಿತ್ತು. ಕಡ್ಡಿಗಳೆಲ್ಲ ಬಂದು ಸೇರುವ ಪ್ಲಾಸ್ಟಿಕ್ ಭಾಗದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಉಗುರು ಆಡಿಸಿದರೆ ಬಿರುಕು ಅಂತ ಗೊತ್ತಾಗುತ್ತಿತ್ತು.

ಅವತ್ತೇ ಫೋನ್ ಮಾಡಿದೆವು. ಮಾರಿದವರು ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ಅಷ್ಟು ಭಾರದ್ದು ವಾಪಸ್ ಯಾಕೆ ಮೇಡಂ? ಪಾರ್ಟ್ ಕಳಿಸ್ತೀವಿ, ಅಲ್ಲೇ ಯಾರ ಹತ್ರಾದ್ರೂ ಹಾಕಿಸ್ಕೊಳ್ಳಿ" ಅಂದರು. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆದರೆ ಪಾರ್ಟ್ ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತಲೇ ದಿನ ಕಳೆಯಿತು. ಕೊನೆಗೆ ಬಂದದ್ದು ಬೇರೆ ಮಾಡೆಲ್‌ದು. ಅಷ್ಟರಲ್ಲಿ ವಾಪಸ್ ಕೊಡಲು ಇದ್ದ 10 ದಿನ ಮುಗಿದಿತ್ತು, ಆಪ್‌ನಲ್ಲಿ ರಿಟರ್ನ್ ಬಟನ್ನೇ ಇಲ್ಲ. ಅದೇ ಜನ ಈಗ "ಟೈಮ್ ಮುಗೀತು, ಏನೂ ಮಾಡೋಕಾಗಲ್ಲ" ಅಂದುಬಿಟ್ಟರು. ಇದನ್ನು ಮೋಸ ಅಂತಲೇ ನಾನು ಕರೆಯೋದು. ನಾವು ಹೇಳಿದಾಗ ಅವಧಿ ಇತ್ತು. ದಿನ ತಳ್ಳಿದವರು ಅವರು.

ಹಾಗಾಗಿ ಫೋನಲ್ಲಿ ಯಾರು ಏನೇ ಹೇಳಲಿ, ಮೊದಲು ಆಪ್‌ನಲ್ಲಿ ರಿಟರ್ನ್ ರಿಕ್ವೆಸ್ಟ್ ಹಾಕಿ. ಹಗ್ಗ ಜಾರುವುದನ್ನು ವಿಡಿಯೋ ಮಾಡಿ, ಬಾಕ್ಸ್ ಎಸೆಯಬೇಡಿ. ಹೊಸ ಛತ್ರಿಗೆ ವೆಲ್ಡಿಂಗ್ ಮಾಡಿಸುವುದು, ತೂತು ಕೊರೆದು ಸ್ಕ್ರೂ ಹಾಕಿಸುವುದು ಬೇಡವೇ ಬೇಡ. "ನೀವೇ ಹಾಳು ಮಾಡಿದ್ದೀರಿ" ಅನ್ನೋಕೆ ಅವರಿಗೆ ಅಷ್ಟೇ ಸಾಕು.

ಹಾಗಂತ ಎಲ್ಲದಕ್ಕೂ ವಾಪಸ್ ಕಳಿಸಬೇಕಿಲ್ಲ. ಬಟ್ಟೆಯ ಹೊಲಿಗೆ ಬಿಟ್ಟಿದ್ದರೆ, ಕಡ್ಡಿ ತುದಿಯ ಟೋಪಿ ಕಳಚಿದ್ದರೆ ಬೀದಿಯಲ್ಲಿ ಛತ್ರಿ ರಿಪೇರಿ ಮಾಡುವವರೇ ಸರಿ ಮಾಡಿಕೊಡುತ್ತಾರೆ. ಕಂಬ, ಹ್ಯಾಂಡಲ್, ಕಡ್ಡಿ ಸೇರುವ ಜಾಗ ಕೆಟ್ಟಿದ್ದರೆ ಮಾತ್ರ ಇಟ್ಟುಕೊಳ್ಳಬೇಡಿ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಜಾಸ್ತಿ ಒತ್ತಡ ಬೀಳೋದು ಅಲ್ಲೇ. ಮಹಡಿಯಿಂದ ಹಾರಿ ರಸ್ತೆಯಲ್ಲಿ ಹೋಗುವವರ ಮೇಲೆ ಬಿದ್ದರೆ ಏನು ಗತಿ?

ಇನ್ನು ಕಾನೂನು. ಕೆಟ್ಟಿರುವ ಸಾಮಾನನ್ನು ವಾಪಸ್ ತಗೊಳ್ಳಲ್ಲ ಅಂತ ಆನ್‌ಲೈನ್ ಮಾರಾಟಗಾರರು ಹೇಳುವಂತಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮೇಲ್‌ನಲ್ಲೇ ಬರೆಯಿರಿ, ಬರೀ ಫೋನ್ ಮಾತಿಗೆ ಸಾಕ್ಷಿ ಇರಲ್ಲ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ, 2 ವರ್ಷದೊಳಗೆ ದೂರು ಕೊಡಬೇಕು. ನಾವೂ 1915ರಲ್ಲಿ ದೂರು ಕೊಟ್ಟಿದ್ದೇವೆ. ಹಣ ಬರದಿದ್ದರೆ ಆಯೋಗಕ್ಕೆ ಹೋಗುವುದೇ.