ಬಿಲ್‌ನಲ್ಲಿ ಹೊಸ ಬ್ರೇಕ್ ಪ್ಯಾಡ್, ಗಾಡಿಯಲ್ಲಿ ಹಳೆಯದೇ

ಎಂಟು ವರ್ಷ ಒಬ್ಬರೇ ಮೆಕ್ಯಾನಿಕ್ ಹತ್ತಿರ ಕಾರು ಬಿಡುತ್ತಿದ್ದೆ. ಬೆಳಿಗ್ಗೆ ಕೀ ಕೊಟ್ಟು ಬಂದರೆ ಸಾಯಂಕಾಲ ಫೋನ್: "ಗಾಡಿ ರೆಡಿ ಸಾರ್." ಬಿಲ್‌ನಲ್ಲಿ ನಾನು ನೋಡುತ್ತಿದ್ದದ್ದು ಕೊನೆಯ ಸಾಲು ಮಾತ್ರ.

ಕಳೆದ ಸರ್ವಿಸ್‌ನಲ್ಲಿ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ (ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕ್ ಅನ್ನು ಒಳಗಿನಿಂದ, ಹೊರಗಿನಿಂದ ಒತ್ತಿ ಹಿಡಿಯುವ ಪಟ್ಟಿಗಳು) ಬದಲಾಯಿಸಿದೆ ಎಂದು ಬರೆದಿದ್ದರು. ಎರಡು ತಿಂಗಳೂ ಆಗಿರಲಿಲ್ಲ, ಬ್ರೇಕ್ ಒತ್ತಿದಾಗಲೆಲ್ಲ ಕೀಂಯ್ ಅನ್ನುವ ಸದ್ದು. ಫೋನ್ ಮಾಡಿದೆ. "ಹೊಸ ಪ್ಯಾಡ್ ಅಲ್ವಾ ಸಾರ್, ಸೆಟ್ ಆಗೋಕೆ ಸ್ವಲ್ಪ ದಿನ ಬೇಕು" ಅಂದರು. ಹೊಸ ಪ್ಯಾಡ್ ಕೆಲವೊಮ್ಮೆ ಸದ್ದು ಮಾಡುವುದು ನಿಜವೇ, ಹಾಗಾಗಿ ನಂಬಿದೆ. ರೇಡಿಯೋ ಸ್ವಲ್ಪ ಜೋರು ಮಾಡಿಕೊಂಡು ಓಡಾಡಿದೆ.

ಒಂದು ದಿನ ಮುಂದಿನ ಟೈರ್ ಪಂಕ್ಚರ್ ಆಯಿತು. ಚಕ್ರ ಬಿಚ್ಚಿದಾಗ ಪ್ಯಾಡ್ ಕಣ್ಣಿಗೆ ಬಿತ್ತು. ಹೊಸ ಪ್ಯಾಡ್ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ, 3 ಮಿ.ಮೀ.ಗೆ ಇಳಿದರೆ ಬದಲಾಯಿಸಬೇಕು. ನನ್ನದು 2 ಕೂಡ ಇರಲಿಲ್ಲ. ಪ್ಯಾಡ್ ಸವೆದಾಗ ಡಿಸ್ಕ್‌ಗೆ ತಾಗಿ ಕಿರುಚಲೆಂದೇ ಅದರಲ್ಲಿ ಒಂದು ಸಣ್ಣ ತಗಡು ಇರುತ್ತದಂತೆ. ಅಷ್ಟು ದಿನ ಕೂಗುತ್ತಿದ್ದದ್ದು ಅದು. ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿದಿದ್ದು ನೆನಪಾಗಿ ಕೈ ನಡುಗಿತು.

ಬೇರೆ ಕಡೆ ಗಾಡಿ ತೋರಿಸಿದೆ. ಬಿಲ್ ಪ್ರಕಾರ ಮೂರು ಸಲ ಬದಲಾದ ಏರ್ ಫಿಲ್ಟರ್ ಕಪ್ಪಗಾಗಿತ್ತು. ಪ್ರತಿ ಸಲ ಗಾಳಿ ಹೊಡೆದು ಅದನ್ನೇ ಹಾಕಿರಬೇಕು. ಸ್ಪಾರ್ಕ್ ಪ್ಲಗ್‌ಗಳ ತುದಿ ಸವೆದುಹೋಗಿತ್ತು. ಎಂಜಿನ್ ಆಯಿಲ್ ಮಾತ್ರ ಹೊಸದು. ಯಾಕೆ ಗೊತ್ತಾ? ನಾನು ಆಗಾಗ ಡಿಪ್‌ಸ್ಟಿಕ್ (ಆಯಿಲ್ ನೋಡುವ ಕಡ್ಡಿ) ಎಳೆದು ನೋಡುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ನಾನು ನೋಡುವುದನ್ನಷ್ಟೇ ಬದಲಾಯಿಸಿದ್ದಾರೆ.

ಹೋಗಿ ಕೇಳಿದ್ದಕ್ಕೆ "ಹುಡುಗರು ಮರೆತಿರಬೇಕು ಸಾರ್" ಅಂದರು. ಬಿಲ್ ಹಾಕುವುದನ್ನು ಮಾತ್ರ ಯಾವ ಹುಡುಗನೂ ಮರೆತಿರಲಿಲ್ಲ.

ಹಳೆಯ ಸಾಮಾನು ಕೇಳಿ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಸಾಲದು. ನನಗೂ ಪೇಪರ್‌ನಲ್ಲಿ ಸುತ್ತಿದ ಸವೆದ ಪ್ಯಾಡ್ ತೋರಿಸಿದ್ದರು, ಯಾವ ಗಾಡಿಯದೋ ಏನೋ. ಅದಕ್ಕೇ ಸರ್ವಿಸ್‌ಗೆ ಬಿಡುವ ಮೊದಲೇ ಗುರುತು ಮಾಡಿ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಸಾಮಾನ್ಯವಾಗಿ ಕೈಯಲ್ಲೇ ಬಿಚ್ಚಬಹುದು, ಫಿಲ್ಟರ್ ಅಂಚಿನಲ್ಲಿ ಮಾರ್ಕರ್‌ನಿಂದ ತಾರೀಖು ಬರೆಯಿರಿ. ಅಲಾಯ್ ಚಕ್ರವಾದರೆ ಸಂದಿಯಿಂದ ಮೊಬೈಲ್ ಟಾರ್ಚ್ ಹಿಡಿದು ಹೊರಗಿನ ಪ್ಯಾಡ್‌ನ ಫೋಟೋ ತೆಗೆಯಬಹುದು. ಗಾಡಿ ವಾಪಸ್ ಬಂದ ಮೇಲೆ ಇನ್ನೊಂದು ಫೋಟೋ. ಒಳಗಿನ ಪ್ಯಾಡ್ ಹಾಗೆ ಕಾಣುವುದಿಲ್ಲ, ಅದಕ್ಕೆ ಚಕ್ರ ಬಿಚ್ಚಿಸಲೇಬೇಕು.

ಅವರ ಹತ್ತಿರ ಇಬ್ಬರು ಗೆಳೆಯರನ್ನು ಕಳಿಸಿದ್ದವನೂ ನಾನೇ. ಇಬ್ಬರಿಗೂ ಹೇಳಿದೆ. ಒಬ್ಬ ನಂಬಲಿಲ್ಲ, "ಅವರು ಅಂಥವರಲ್ಲ ಕಣೋ" ಅಂದ. ಸರಿ, ಸುಮ್ನೆ ಏರ್ ಫಿಲ್ಟರ್ ತೆಗೆದು ಒಂದು ಫೋಟೋ ಕಳಿಸು ಅಂದೆ. ಇನ್ನೂ ಕಳಿಸಿಲ್ಲ.