ಎಕ್ಟೋಪಿಕ್ ನಂತರ ಕಾಡುವ ಕಿಬ್ಬೊಟ್ಟೆ ನೋವಿಗೆ: ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಹೊಟ್ಟೆ ಬೆಲ್ಟ್

ಎಕ್ಟೋಪಿಕ್ ಎಂದರೆ ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ, ನಿಂತ ಗರ್ಭ. ಅದರ ಚಿಕಿತ್ಸೆಯ ನಂತರದ ನೋವಿಗೆ ಈ ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ ಬಟ್ಟೆಯ ಕವರ್ ಇರುವ, 1 ಲೀಟರ್ ಹಿಡಿಸುವ ರಬ್ಬರ್ ಚೀಲ ಕೊಳ್ಳಿ. 2 ಲೀಟರಿನದು ಮೂರನೇ ಎರಡು ಭಾಗ ತುಂಬಿದರೂ 1.3 ಕಿಲೋದಷ್ಟು ತೂಗುತ್ತದೆ. ಬೆನ್ನಿಗಾದರೆ ಸರಿ, ಮುಟ್ಟಿದರೆ ನೋಯುವ ಹೊಟ್ಟೆಗೆ ಆ ಭಾರವೇ ಇನ್ನೊಂದು ನೋವು.

ಶಾಖ ಎಲ್ಲ ನೋವಿಗೂ ಅಲ್ಲ. ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್) ಆದವರಿಗೆ ಮೊದಲ ಎರಡು ಮೂರು ದಿನ ಭುಜದ ತುದಿ ನೋಯುವುದುಂಟು. ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆರಳಿಸುವುದೇ ಅದಕ್ಕೆ ಕಾರಣ. ಅದು ತಾನಾಗಿ ಇಳಿಯುತ್ತದೆ. ಚೀಲಕ್ಕಿಂತ ಮೆಲ್ಲಗೆ ನಡೆದಾಡುವುದು ಮೇಲು. ಹೊಕ್ಕುಳಿನ ಹೊಲಿಗೆಯ ಮೇಲೂ ಗಾಯ ಮಾಗುವವರೆಗೆ ಬಿಸಿ ಬೇಡ. ಸುತ್ತಲಿನ ಚರ್ಮ ಮರಗಟ್ಟಿದ್ದರೆ ಸುಟ್ಟರೂ ತಿಳಿಯುವುದಿಲ್ಲ. ಚೀಲ ನಿಜವಾಗಿ ಕೈಹಿಡಿಯುವುದು ಆಮೇಲಿನ ವಾರಗಳಲ್ಲಿ: ಒಂದು ಪಕ್ಕ ಹಿಡಿದು ಬಿಡುವ ಸೆಳೆತ, ನೋವಿನ ಮಾತ್ರೆಯಿಂದಾದ ಮಲಬದ್ಧತೆಯ ಬಿಗಿತ, ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಬರುವ ಮೊದಲ ಮುಟ್ಟು. ಆ ಮುಟ್ಟು ಎಂದಿಗಿಂತ ಜೋರಾಗಿರಬಹುದು.

ಆಪರೇಷನ್ ಬದಲು, ಗರ್ಭ ಬೆಳೆಯದಂತೆ ತಡೆಯುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಪಡೆದವರ ಲೆಕ್ಕವೇ ಬೇರೆ. ಮೊದಲ ವಾರದಲ್ಲಿ ಕಿಬ್ಬೊಟ್ಟೆ ನೋವು ಏರುವುದು ಸಾಮಾನ್ಯ. ಕಷ್ಟವೆಂದರೆ ಗರ್ಭನಾಳ ಒಡೆಯುವಾಗಲೂ ನೋವು ಹೀಗೇ ಶುರುವಾಗಬಹುದು, ರಕ್ತದಲ್ಲಿನ ಎಚ್‌ಸಿಜಿ (ಗರ್ಭಧಾರಣೆಯ ಹಾರ್ಮೋನು) ಇಳಿಯುತ್ತಿದ್ದರೂ ನಾಳ ಒಡೆಯಬಹುದು. ಹಾಗಾಗಿ ನೋವು ತಟ್ಟನೆ ಏರಿದರೆ, ತಲೆ ಸುತ್ತಿದರೆ, ಬವಳಿ ಬಂದರೆ, ಹೊಸದಾಗಿ ಭುಜ ನೋಯತೊಡಗಿದರೆ ಚೀಲ ಇಟ್ಟುಕೊಂಡು ಕಾಯಬೇಡಿ, ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮುಟ್ಟಿನ ನೋವಿಗೆಂದು ಮಾರುವ ಪೆಟ್ಟಿಗೆಗಳ ಮೇಲೆ ಈ ಎಚ್ಚರಿಕೆ ಸಿಗುವುದಿಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇವೆ. ಶಾಖದ ಜೊತೆಗೆ ಮಾತ್ರೆ ಬೇಕಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ; ಮೂತ್ರಪಿಂಡ ಮೆಥೊಟ್ರೆಕ್ಸೇಟನ್ನು ಹೊರಹಾಕುವುದನ್ನು ಅವು ತಡೆಯುತ್ತವೆ, ಮದ್ದು ಮೈಯಲ್ಲಿ ಉಳಿದು ವಿಷವಾಗಬಹುದು.

ಚೀಲ ತುಂಬುವುದರಲ್ಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಕುದಿಯುವ ನೀರು ಸುರಿದರೆ ರಬ್ಬರ್ ಬೇಗ ಸೀಳುತ್ತದೆ, ಆದ್ದರಿಂದ ಕುದಿದ ಮೇಲೆ ಕೆಲವು ನಿಮಿಷ ಆರಲು ಬಿಡಿ. ಮೂರನೇ ಎರಡು ಭಾಗ ತುಂಬಿ, ನೀರು ಬಾಯಿಗೆ ಬರುವವರೆಗೆ ಮೆಲ್ಲಗೆ ಒತ್ತಿ ಗಾಳಿ ತೆಗೆದು ಬಿರಡೆ ತಿರುಗಿಸಿ. ಗಾಳಿ ಉಳಿದರೆ ಚೀಲ ಬಿರುಸಾಗಿ ಹೊಟ್ಟೆಗೆ ಒಗ್ಗುವುದಿಲ್ಲ, ಅಂಚಿನ ಬೆಸುಗೆಯ ಮೇಲೂ ಒತ್ತಡ ಬೀಳುತ್ತದೆ. ಬಚ್ಚಲಲ್ಲಿ ತಲೆಕೆಳಗೆ ಹಿಡಿದು ನೋಡಿ: ಹನಿ ಬಿದ್ದರೆ ಬಿರಡೆಯ ವಾಷರ್ ಸವೆದಿದೆ. ಶಾಖ ಒಮ್ಮೆಗೆ 15ರಿಂದ 20 ನಿಮಿಷ, ಬಟ್ಟೆಯ ಮೇಲಿನಿಂದ, ಎಚ್ಚರವಿದ್ದಾಗ ಮಾತ್ರ. ಕೊಳ್ಳುವಾಗ ಬಾಯಿಯ ಬಳಿ ಹೂವಿನಂಥ ಅಚ್ಚು ಇದೆಯೇ ನೋಡಿ. ನಡುವಿನ ಅಂಕಿ ತಯಾರಾದ ವರ್ಷ, 12 ಎಸಳುಗಳು ತಿಂಗಳುಗಳು. ಎರಡು ವರ್ಷ ಬಳಸಿದ ಚೀಲವನ್ನು ಬಿಸಾಡಿ. ಅಚ್ಚಿಲ್ಲದ ಹಳೆಯ ಚೀಲದ ಮೇಲೆ ಸಣ್ಣ ಬಿರುಕು ಕಂಡರೂ ನಂಬಬೇಡಿ.

ಹೀಟಿಂಗ್ ಪ್ಯಾಡಿನ ಗುಣವೂ ದೋಷವೂ ಒಂದೇ: ಅದು ಆರುವುದಿಲ್ಲ. ನೀರು ಕಾಯಿಸಲು ಪದೇ ಪದೇ ಏಳಲಾಗದ ಮೊದಲ ದಿನಗಳಲ್ಲಿ ನಿಜಕ್ಕೂ ಅನುಕೂಲ. ಆದರೆ ನೋವಿನ ಮಾತ್ರೆ ನುಂಗಿ ನಿದ್ದೆ ಹೋದವರ ಚರ್ಮವನ್ನು ಅದು ಸುಡಬಲ್ಲದು. ತಾನಾಗಿ ಆಫ್ ಆಗುವ ಟೈಮರ್ ಇಲ್ಲದ್ದನ್ನು ಕೊಳ್ಳಲೇಬಾರದು. ಮಡಚಿದರೆ ಅಥವಾ ಮೇಲೆ ಮಲಗಿದರೆ ಒಳಗಿನ ತಂತಿ ಹಾಳಾಗಿ ಒಂದೇ ಕಡೆ ಕಾಯುತ್ತದೆ. ದಿನಾ ಅದೇ ಜಾಗಕ್ಕೆ ಹೊತ್ತುಗಟ್ಟಲೆ ಇಟ್ಟರೆ ಚರ್ಮದಲ್ಲಿ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ಅವು ಕಂಡ ದಿನವೇ ಶಾಖ ನಿಲ್ಲಿಸಿ.

ಆರು ವಾರ ಕಳೆದರೂ ಪ್ರತಿದಿನ ಶಾಖ ಬೇಕೆನಿಸಿದರೆ ಮತ್ತೆ ತಪಾಸಣೆ ಮಾಡಿಸಿ. ಒಳಗೆ ಅಂಟಿಕೊಂಡ ಅಂಗಾಂಶ, ಹೆಪ್ಪುಗಟ್ಟಿದ ರಕ್ತ, ತೂತಿನ ಬಳಿ ಸಿಕ್ಕಿಬಿದ್ದ ನರ, ಕರಗದೆ ಉಳಿದ ಗಡ್ಡೆ, ಇವುಗಳಲ್ಲಿ ಯಾವುದೂ ಇರಬಹುದು. ನಾಳ ಉಳಿಸಿ ಗರ್ಭವನ್ನಷ್ಟೇ ತೆಗೆದಿದ್ದರೆ ಎಚ್‌ಸಿಜಿ ಪೂರ್ತಿ ಇಳಿದಿದೆಯೇ ಎಂದು ಕೇಳಿ. ಜ್ವರ ಅಥವಾ ದುರ್ವಾಸನೆಯ ಸ್ರಾವ ಇದ್ದರೆ ಒಂದು ದಿನವೂ ಕಾಯಬೇಡಿ. “ಎಲ್ಲ ಮನಸ್ಸಿನಲ್ಲೇ” ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ದುಃಖ ನಿಜ, ನೋವೂ ನಿಜ.

ಹೊಟ್ಟೆ ಬೆಲ್ಟ್ ಲ್ಯಾಪರೊಸ್ಕೋಪಿಗೆ ಬೇಕಿಲ್ಲ. ಹೊಟ್ಟೆ ಕೊಯ್ದು ಆಪರೇಷನ್ ಆದವರಿಗೆ ಏಳುವಾಗ, ನಡೆಯುವಾಗ ಆಸರೆ, ಅಷ್ಟೇ. ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಮಲಗುವಾಗ ಬಿಚ್ಚಿ. ಕೆಮ್ಮುವಾಗ ಗಾಯದ ಮೇಲೆ ಚಿಕ್ಕ ದಿಂಬು ಒತ್ತಿ ಹಿಡಿದರೆ ಬೆಲ್ಟಿನ ಕೆಲಸ ಅದೇ ಮಾಡುತ್ತದೆ.